ಒಂಬತ್ತು ಗೆರೆಗಳ ಪರದೆ

"ಗೆರೆಗಳೆಲ್ಲಿ ಮಾಸ್ಟ್ರೇ?"

ಮೇಜಿನ ಮೇಲೆ ಹಾಸಿದ್ದ ಪರದೆಯ ಕೆಳಭಾಗದಲ್ಲಿ ಎರಡು ಸಲ ಕೈಯಾಡಿಸಿ ಸೈನಿಕರ ಹೆಂಡತಿ ಕೇಳಿದರು. ದರ್ಜಿ ಒಳಗೊಳಗೇ ಹಿಗ್ಗಿದ. ಅವನು ಕಾದಿದ್ದದ್ದೇ ಈ ಮಾತಿಗೆ.

"ಹುಡುಕಿ ನೋಡಿ ಅಮ್ಮ. ಭೂತಗನ್ನಡಿ ಹಿಡಿದ್ರೂ ಸಿಗಲ್ಲ."

ಎರಡು ದಿನದ ಹಿಂದೆ ಅವರು ದಪ್ಪ ಬಟ್ಟೆಯ ಹಳೆಯ ಪರದೆ ಒಂದು ಜೊತೆ ತಂದುಕೊಟ್ಟಿದ್ದರು. ಗಂಡ ಸೈನ್ಯದಿಂದ ನಿವೃತ್ತರಾಗಿ ಬಂದು ಬೀದಿಯ ಕೊನೆಯಲ್ಲಿ ಸ್ವಂತ ಮನೆ ಕಟ್ಟಿಸಿದ್ದರು. ಕಿಟಕಿ ಎತ್ತರದ್ದು. ಮಡಚಿ ಹೊಲಿದದ್ದನ್ನು ಬಿಚ್ಚಿ ಪೂರ್ತಿ ಉದ್ದ ಬಿಡಬೇಕು, ಭಾನುವಾರದೊಳಗೆ ಬೇಕು ಎಂದಷ್ಟೇ ಹೇಳಿದ್ದರು. ಭಾನುವಾರ ಬೀದಿಯವರೆಲ್ಲ ಆ ಮನೆಯಲ್ಲೇ ಸೇರಿ ಸೈನಿಕರನ್ನು ಸನ್ಮಾನಿಸುವವರಿದ್ದರು. ದರ್ಜಿಯೂ ಎರಡು ಮಾತಾಡಬೇಕೆಂದು ತೀರ್ಮಾನವಾಗಿತ್ತು. ನಾಲ್ಕು ಜನರೆದುರು ನಿಂತರೆ ಅವನ ನಾಲಿಗೆ ಒಣಗುತ್ತಿತ್ತು. ಅದಕ್ಕೇ ತನ್ನ ಗೌರವವನ್ನು ಕೈಕೆಲಸದಲ್ಲೇ ತೋರಿಸಿಬಿಡೋಣ ಎಂದುಕೊಂಡಿದ್ದ. ಮಡಿಕೆ ಬಿಚ್ಚಿದರೆ, ಏಣಿಯ ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಒಂಬತ್ತು ಮಾಸಲು ಗೆರೆ, ಗೆರೆಯುದ್ದಕ್ಕೂ ಸೂಜಿಯ ತೂತು. ಬಂದವರೆದುರು ಇದು ಚೆನ್ನಾಗಿ ಕಾಣುತ್ತದೆಯೇ? ವಿನೆಗರ್ ಬೆರೆಸಿದ ನೀರು ಚಿಮುಕಿಸಿ, ಕಾದ ಇಸ್ತ್ರಿ ಒತ್ತಿ, ತೂತು ತೂತನ್ನೂ ಉಗುರಿನಿಂದ ಉಜ್ಜಿ ಮುಚ್ಚಿದ್ದ. ಒಂದು ಪರದೆಗೇ ಇಡೀ ಬೆಳಗು ಹಿಡಿದಿತ್ತು. ಇನ್ನೊಂದಕ್ಕೆ ಈಗ ಕೈಹಾಕುವುದರಲ್ಲಿದ್ದ.

ಅವರು ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಅಳಿಸಿ ಅಂತ ನಾನು ಹೇಳಿದ್ನಾ?"

"ಇಲ್ಲ. ನೋಡೋಕೆ ಹೊಸದರ ಥರ ಇರಲಿ ಅಂತ..."

"ಅವು ನಾನಿದ್ದ ಮನೆಗಳು ಮಾಸ್ಟ್ರೇ. ಇವರಿಗೆ ವರ್ಗ ಆದಾಗಲೆಲ್ಲ ಬೇರೆ ಮನೆ, ಆ ಮನೆಗೆ ಬೇರೆ ಅಳತೆ ಕಿಟಕಿ. ಪ್ರತಿಸಲ ಹೊಸ ಪರದೆ ಎಲ್ಲಿಂದ ತರೋದು? ಬಿಚ್ಚೋದು, ಮಡಚೋದು, ಹೊಲಿಯೋದು. ಇವರ ಸರ್ವಿಸ್ ಇವರ ಎದೆ ಮೇಲಿದೆ. ನನ್ನದು ಇದರಲ್ಲಿತ್ತು."

ದರ್ಜಿ ಇಸ್ತ್ರಿಯ ಸ್ವಿಚ್ ಆರಿಸಿದ. ತಡವರಿಸುತ್ತ ಸೀಮೆಸುಣ್ಣ ಕೈಗೆತ್ತಿಕೊಂಡ.

"ಇನ್ನೊಂದರ ಅಳತೆ ನೋಡಿ ಗೆರೆ ಹಾಕಿಕೊಡ್ತೀನಿ."

"ಗೆರೆ ಹಾಕಿದ್ರೆ ಗೆರೆ ಬರುತ್ತೆ. ಮನೆ ಬರುತ್ತಾ?"

ಅದರಲ್ಲಿ ಕೋಪವಿರಲಿಲ್ಲ. ಹಾಲು ಉಕ್ಕಿಹೋದ ಮೇಲೆ ಒಲೆ ಒರೆಸುವವರ ದನಿ. ದರ್ಜಿ ವಿನೆಗರ್ ನೀರನ್ನು ಬಾಗಿಲಾಚೆ ಚೆಲ್ಲಿ ಬಂದು, ಎರಡನೆಯ ಪರದೆಯನ್ನು ಅವರ ಮುಂದೆ ಹರಡಿದ. "ಇದರಲ್ಲಿ ಒಂಬತ್ತೂ ಹಾಗೇ ಇವೆ. ಎಣಿಸಿಕೊಳ್ಳಿ ಅಮ್ಮ."

ಅವರು ಎಣಿಸಲಿಲ್ಲ. ಬೆರಳು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿತು. "ಇದು ಮೊದಲನೇ ಮನೆ. ಅಡುಗೆ ಕಲಿತುಕೊಂಡು ಹೋಗು ಅಂತ ಅಮ್ಮ ಒಂದು ತಿಂಗಳು ಪ್ರಾಣ ತಿಂದಿದ್ರು. ಹೋಗಿ ನೋಡಿದ್ರೆ ಒಲೆನೇ ಇರ್ಲಿಲ್ಲ. ಇಲ್ಲಿ ಮಗಳು ಹುಟ್ಟಿದ್ಲು. ಇವರು ರಜೆ ಸಿಕ್ಕಿ ಬಂದು ಅವಳ ಮುಖ ನೋಡಿದ್ದು ಇಲ್ಲಿ." ಬೆರಳು ಇನ್ನೊಂದು ಗೆರೆಯ ಮೇಲೆ ನಿಂತಿತ್ತು. "ಅಷ್ಟೊತ್ತಿಗೆ ಓಡಾಡ್ತಿದ್ಲು. ಅಪ್ಪನ್ನ ನೋಡಿ ಮಾಮಾ ಅಂದ್ಲು."

ದರ್ಜಿ ನಕ್ಕ. ಅವರೂ ನಕ್ಕರು. ಆಮೇಲೆ ಬೆರಳು ಕೆಳಗಿನ ಒಂದು ಗೆರೆಗೆ ಬಂದು ಅಲ್ಲೇ ಉಳಿಯಿತು.

"ಈ ಮನೆ ಕಿಟಕಿ ಗೇಟಿಗೆ ಎದುರು. ಇವರು ಗಡಿಯಲ್ಲಿದ್ರು. ಏನಾದ್ರೂ ಆದ್ರೆ ಸುದ್ದಿ ಹೇಳೋಕೆ ಗೇಟಿಗೆ ಜೀಪ್ ಬರುತ್ತೆ. ಪಕ್ಕದ ಮನೆಗೆ ಹಾಗೇ ಬಂತು. ಆಮೇಲೆ ಎರಡು ವರ್ಷ ನಾನು ಪರದೆ ಸರಿಸಲೇ ಇಲ್ಲ. ಗೇಟು ಕಿರ್ ಅಂದ್ರೆ ಅಡುಗೆಮನೆಗೆ ಹೋಗಿ ಜೋರಾಗಿ ನಲ್ಲಿ ಬಿಡ್ತಿದ್ದೆ."

ದರ್ಜಿ ಬಹಳ ಹೊತ್ತು ದಾರದ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕಿದ. ಪರದೆಯ ಬಣ್ಣದ್ದೇ ಒಂದು ಉಂಡೆ ತೆಗೆದು ಹೇಳಿದ: "ಒಗೆದು ಒಗೆದು ಇವೂ ಮಾಯ ಆಗ್ತವೆ ಅಮ್ಮ. ಹಳೇ ತೂತುಗಳಲ್ಲೇ ಸೂಜಿ ಹಾಯಿಸಿ ಎಲ್ಲ ಗೆರೆಗೂ ಕೈಹೊಲಿಗೆ ಹಾಕ್ತೀನಿ. ಬೇಡ ಅಂದ್ರೆ ಆ ಗೇಟಿನ ಮನೆ ಗೆರೆಯೊಂದನ್ನ ಬಿಡ್ತೀನಿ."

"ಅದಕ್ಕೂ ಹಾಕಿ," ಎಂದು ಅವರು ಎದ್ದರು. "ಅಲ್ಲೂ ಸಂಸಾರ ಮಾಡಿದ್ದೀನಿ."

ಭಾನುವಾರ ಆ ಮನೆಯ ನಡುಮನೆ ತುಂಬಿಹೋಗಿತ್ತು. ಪದಕಗಳನ್ನು ತೊಟ್ಟ ಸೈನಿಕರು ಮುಂದಿನ ಕುರ್ಚಿಯಲ್ಲಿ, ಹೊಗಳಿಸಿಕೊಳ್ಳುವ ಅಭ್ಯಾಸವಿಲ್ಲದವರಂತೆ, ತಮ್ಮ ಬೂಟು ನೋಡುತ್ತ ಕೂತಿದ್ದರು. ದೇಶ, ತ್ಯಾಗ, ಶೌರ್ಯ ಎಲ್ಲವನ್ನೂ ಬೇರೆಯವರು ಹೇಳಿ ಮುಗಿಸಿದ ಮೇಲೆ ದರ್ಜಿಯ ಸರದಿ ಬಂತು. ಅವನು ಎದ್ದ. ನಾಲಿಗೆ ಎಂದಿನಂತೆ ಒಣಗಿತು.

"ಇವರ ಪಕ್ಕ ಇನ್ನೊಂದು ಕುರ್ಚಿ ಹಾಕಿ," ಎಂದವನೇ ಕೂತುಬಿಟ್ಟ.

ಯಾರೋ ಕುರ್ಚಿ ತಂದಿಟ್ಟರು. ಅದರಲ್ಲಿ ಕೂರಬೇಕಾದವರಿಗಾಗಿ ಎಲ್ಲರೂ ಸುತ್ತ ನೋಡಿದರು. ಸೈನಿಕರ ಹೆಂಡತಿ ಕಿಟಕಿಯ ಬಳಿ ಇದ್ದರು. ಒಂಬತ್ತು ಗೆರೆಗಳ ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿದ್ದರು. ಹೊರಗೆ ಗೇಟು ಕಿರ್ರೆಂದಿತು.

"ಬನ್ನಿ ಬನ್ನಿ," ಎಂದರು ಅವರು, ಕಿಟಕಿಯಿಂದ ಬಗ್ಗಿ. "ಬಾಗಿಲು ತೆಗೆದೇ ಇದೆ."