ಜೊತೆಗೆ ಬಂದವನು

ಉಚಿತ ಕಾನೂನು ನೆರವಿನ ಕಚೇರಿಯ ಬಾಗಿಲಲ್ಲಿ ಅವಳು ಹಿಂಜರಿದು ನಿಂತಳು. "ಹೋಗು, ಅಂಜಬ್ಯಾಡ," ಎಂದು ಜೊತೆಗೆ ಬಂದವನು ಅವಳನ್ನು ಒಳಗೆ ಕಳಿಸಿ, ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತ.

"ಗಂಡನಿಂದ ಸೋಡಚೀಟಿ ಬೇಕಾಗೇತ್ರಿ. ವಕೀಲರನ್ನ ಕೊಡ್ತೀರಂತ."

"ವಿಚ್ಛೇದನದ ಕೇಸಿಗೂ ಕೊಡ್ತೀವಿ. ಹೆಣ್ಣಮಕ್ಕಳಿಗೆ ಆದಾಯ ಎಷ್ಟರ ಇರಲಿ, ಇಲ್ಲಿ ವಕೀಲರು ಪುಕ್ಕಟೆ," ಎಂದರು ಅಧಿಕಾರಿ. "ಗಂಡ ಹೊಡೀತಾನೇನವಾ?"

"ಇಲ್ರಿ."

"ಕುಡೀತಾನೇನು?"

"ಒಂದಿನಾನೂ ಇಲ್ರಿ."

ಅಷ್ಟು ಹೇಳುವುದರೊಳಗೆ ಅವಳಿಗೆ ಅಳು ಒತ್ತರಿಸಿ ಬಂತು. ಹೊರಗಿದ್ದವನು ಎದ್ದು ಬಂದು, ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟು, ಮತ್ತೆ ಹೋಗಿ ಕೂತ. ಇಂಥ ಗಂಡಸರೂ ಇರುತ್ತಾರಲ್ಲ ಎಂದು ಅಧಿಕಾರಿಗೆ ಸಮಾಧಾನವಾಯಿತು.

"ಇಂಥಾ ಅಣ್ಣ ಬೆನ್ನಿಗಿರೂವಾಗ ಯಾಕ ಅಳ್ತಿ? ಸೋಡಚೀಟಿ ಯಾಕ ಬೇಕು, ಅಷ್ಟ ಹೇಳು."

ಅವಳು ಬಾಗಿಲಾಚೆ ನೋಡಿದಳು.

"ಅವರು ಅಣ್ಣ ಅಲ್ರಿ, ನನ್ನ ಗಂಡ. ಸೋಡಚೀಟಿ ಬೇಕಾಗಿದ್ದು ಅವರಿಗೆ. ಆದ್ರ ಅವರ ಪಗಾರಕ್ಕ ಪುಕ್ಕಟೆ ವಕೀಲರು ಸಿಗಂಗಿಲ್ಲಂತ್ರಿ."