ಉಪ್ಪುನೀರಿನ ತಂಡ

“ನಿನಗೆ ಕೊಡ್ತಿರೋದು ಬರೀ ಉಪ್ಪುನೀರು ಕಣೇ,” ಎಂದಳು ಅಕ್ಕ, ಆಸ್ಪತ್ರೆ ಕೋಣೆಯ ಬಾಗಿಲು ಮುಂದೆ ಮಾಡುತ್ತ.

ಎದುರು ಕೋಣೆಯ ಲಾರಿ ಡ್ರೈವರನ ಹತ್ತಿರ ಪೇಪರು ಕೇಳಲು ಹೋಗಿದ್ದಳಂತೆ. ಅವನೂ ತಂಗಿಯ ಹಾಗೇ ಔಷಧಿಗೆಂದು ಮಾಸ್ಕಿನಲ್ಲಿ ಹಬೆ ಎಳೆಯುವವನು. ಅವನ ಹಬೆಯಲ್ಲಿ ನಿಂಬೆಯ ಘಮದ ಅಡಿಗೆ ಸಣ್ಣಗೆ ಕೊಳೆತ ಮೊಟ್ಟೆಯ ನಾತವಿತ್ತಂತೆ. ತಂಗಿಯ ಹಬೆಯಲ್ಲಿ ನಿಂಬೆ ಬಿಟ್ಟರೆ ಏನೂ ಇಲ್ಲ. ಅಕ್ಕನ ಮೂಗು ತಪ್ಪುವ ಮೂಗಲ್ಲ. ನಾಲ್ಕನೇ ಮನೆಯಲ್ಲಿ ಹಾಲು ಸೀದರೆ ತನ್ನ ಮನೆಯಿಂದಲೇ ಕೂಗಿ ಹೇಳುವವಳು.

ತಂಗಿ ಶಾಲೆಯ ಆಟದ ಟೀಚರು. ಮಕ್ಕಳ ಬಾಯಲ್ಲಿ ಸೀಟಿ ಟೀಚರು. ಎದೆಯ ಗಡ್ಡೆಗೆ ಕೊಟ್ಟ ರೇಡಿಯೇಷನ್, ಗಡ್ಡೆಯ ಜೊತೆಗೆ ಶ್ವಾಸಕೋಶದ ಒಂದು ಮೂಲೆಯನ್ನೂ ಸುಟ್ಟಿತ್ತು. ಆರು ತಿಂಗಳಿಂದ ಸೀಟಿ ಮೊಳೆಗೆ ನೇತುಬಿದ್ದಿದೆ. ಆ ಗಾಯಕ್ಕೆ ಆಂಟಿಆಕ್ಸಿಡೆಂಟ್ ಔಷಧಿ ನಾಟುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ, ಪರೀಕ್ಷೆ ನಡೆಸುತ್ತಿದ್ದೇವೆ, ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಉಪ್ಪುನೀರು, ಔಷಧಿಯ ನಾತ ಗೊತ್ತಾಗದಂತೆ ಎರಡಕ್ಕೂ ನಿಂಬೆಯ ಘಮ, ಯಾರಿಗೆ ಯಾವುದೆಂದು ಕೊಡುವ ನರ್ಸಿಗೂ ತಿಳಿದಿರುವುದಿಲ್ಲ ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಒಪ್ಪಿ ಸಹಿ ಹಾಕಿದ್ದಳು. ಡಾಕ್ಟರು ಎಲ್ಲವನ್ನೂ ಯೋಚಿಸಿದ್ದರು, ಅಕ್ಕನ ಮೂಗೊಂದನ್ನು ಬಿಟ್ಟು.

ನರ್ಸು ಬಂದಳು. ಮಾಸ್ಕಿನ ದಾರ ಕಿವಿ ಕೊಯ್ಯದಿರಲೆಂದು ಎರಡೂ ಕಡೆ ಒಂದಿಷ್ಟು ಹತ್ತಿ ಇಟ್ಟು, ಯಂತ್ರದ ಗುಂಡಿ ಒತ್ತಿ ಹೋದಳು. ಅವಳು ಹೋಗುವುದನ್ನೇ ಅಕ್ಕ ಕಾಯುತ್ತಿದ್ದಳು.

“ಏಳು. ಔಷಧಿ ಕೊಡ್ತೀರೋ, ಮನೆಗೆ ಹೋಗೋಣವೋ ಅಂತ ಕೇಳೇಬಿಡೋಣ.”

ತಂಗಿ ಮಾಸ್ಕು ಸರಿಸಿದಳು. ಮಾತು ಮಾತಿಗೂ ನಿಲ್ಲಬೇಕಿತ್ತು.

“ಉಪ್ಪುನೀರಿನೋರು ಆ ಔಷಧಿಗೆ ಎದುರು ತಂಡ. ಎದುರು ತಂಡ ಮೈದಾನ ಬಿಟ್ಟು ಹೋದ್ರೆ ಅದು ಆಟ ಅಲ್ಲಕ್ಕ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಇದನ್ನೇ ಹೇಳಿದೀನಿ. ಆ ಔಷಧಿ ಗೆಲ್ಲಲಿ, ನನಗೂ ಅದೇ ಆಸೆ. ಆದ್ರೆ ಬಿಟ್ಟಿ ಗೆಲುವು ಕೊಡಲ್ಲ.”

“ಉಸಿರಿಗೇ ಗತಿಯಿಲ್ಲ, ಇವಳಿಗೆ ಆಟವಂತೆ.” ಅಕ್ಕನ ಕಣ್ಣು ತುಂಬಿತು. ಡಾಕ್ಟರ ಕೋಣೆಗೆ ಹೊರಟೇಬಿಟ್ಟಳು.

ತಂಗಿ ಅವಳ ಕೈ ಹಿಡಿದೆಳೆದು ಕೂರಿಸಿದಳು. “ನೀನು ಯಾರ ಹತ್ರಾನೂ ಉಸಿರೆತ್ತಬೇಡ. ಎತ್ತೋ ಕೆಲಸ ನಂದು.”

ಕಿಟಕಿಯಲ್ಲಿದ್ದ, ಉಸಿರೆಳೆದಷ್ಟೂ ಚೆಂಡು ಮೇಲೇಳುವ ಮೂರು ಚೆಂಡುಗಳ ಉಸಿರಾಟದ ಡಬ್ಬಿಯನ್ನು ತೆಗೆದುಕೊಂಡು, ಅದರ ಕೊಳವೆಯನ್ನು ಬಾಯಿಗಿಟ್ಟು ಎಳೆದಳು. ಮೊದಲನೆಯದು ಎದ್ದಿತು. ತಡವರಿಸುತ್ತ ಎರಡನೆಯದೂ ಎದ್ದಿತು. ಅಕ್ಕ ತನ್ನ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ, ಆರು ತಿಂಗಳಿಂದ ತಳ ಬಿಡದಿದ್ದ ಮೂರನೆಯದು ಕೂದಲೆಳೆಯಷ್ಟು ಎದ್ದು ಬಿದ್ದು ಒಮ್ಮೆ ‘ಟಕ್’ ಎಂದಿತು.