ಗುಲಾಬಿಗೊಂದು ಕೆಮ್ಮು

“ಮಾಡ್ರಿ, ನೋಡೂಣು,” ಎಂದು ಕಲಬುರ್ಗಿಯಿಂದ ತಪಾಸಣೆಗೆ ಬಂದ ಅಣವೀರಪ್ಪ ಫ್ಲಾಸ್ಕಿಗೆ ತಾವೇ ಅಂದಾಜಿನಲ್ಲಿ ಆಮ್ಲ ಸುರಿದು, ತರಗತಿಯ ಹುಡುಗ ಹುಡುಗಿಯರ ಮುಂದೆ, ಮೇಜಿನ ಎದುರೇ ಕುರ್ಚಿ ಎಳೆದುಕೊಂಡು ಕೂತರು.

ರಸಾಯನಶಾಸ್ತ್ರದ ಲೆಕ್ಚರರ್ ಪ್ರಹ್ಲಾದರಾಯರು ಬ್ಯುರೆಟ್ಟಿನ ಉದ್ದ ಗಾಜಿನ ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಕಮಲಾಪುರದ ಈ ಕಾಲೇಜಿಗೆ ಬಂದು ಮೂರು ವರ್ಷ. ಇವತ್ತು ಈ ಮನುಷ್ಯ ಒಳ್ಳೆಯ ವರದಿ ಬರೆದರೆ ನೌಕರಿ ಖಾಯಂ, ಇಲ್ಲವಾದರೆ ಬ್ರಹ್ಮಪುರದ ಮನೆಗೆ ವಾಪಸು. ಪ್ರಯೋಗವೇನೋ ಸಣ್ಣದು. ಬ್ಯುರೆಟ್ಟಿನಿಂದ ಪ್ರತ್ಯಾಮ್ಲ ಹನಿಹನಿಯಾಗಿ ಬೀಳಬೇಕು, ಆಮ್ಲ ತೀರಿದ ಕ್ಷಣ ಬಣ್ಣವಿಲ್ಲದ ದ್ರಾವಣ ತೆಳು ಗುಲಾಬಿಯಾಗಬೇಕು, ಅಲ್ಲಿಗೇ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೂ ಕೆಟ್ಟಿತು.

ಆದರೆ ರಾಯರ ಕಣ್ಣಿಗೆ ಗುಲಾಬಿ ಕಾಣುವುದಿಲ್ಲ, ಹುಟ್ಟಿನಿಂದಲೇ. ಅದನ್ನು ಅವರು ಹೇಳಿದ್ದು ಅಟೆಂಡರ್ ಇಮಾಮುದ್ದೀನನೊಬ್ಬನಿಗೆ. ಬಣ್ಣ ತಿರುಗಿದಾಗ ಅವನು ಕೆಮ್ಮುತ್ತಿದ್ದ, ರಾಯರು ನಿಲ್ಲಿಸುತ್ತಿದ್ದರು. ಮೂರು ವರ್ಷ ಹೀಗೇ ಸಾಗಿತ್ತು.

ಬಣ್ಣ ತೋರಿಸುವ ಫಿನಾಫ್ತಲೀನ್ ಎರಡು ಹನಿ ಹಾಕಿ ರಾಯರು ಬ್ಯುರೆಟ್ಟಿನ ತಿರುಪಿಗೆ ಕೈಯಿಟ್ಟರು. ಇಮಾಮುದ್ದೀನ್ ಕಿಟಕಿಯ ಬಳಿ ಸಜ್ಜಾಗಿ ನಿಂತಿದ್ದ.

“ಏನಪಾ, ಸುಮ್ಮನ ಯಾಕ ನಿಂತಿ? ಹೋಗು, ಗೇಟಿನ ಮುಂದಿನ ಹೋಟೆಲ್ಲಿಂದ ಚಾ ತಗೊಂಡ್ ಬಾ,” ಎಂದರು ಅಣವೀರಪ್ಪ.

“ಇದೊಂದು ಮುಗೀಲಿ ಸಾಬ್...”

“ಇದಕ್ಕ ನೀ ಯಾಕ ಬೇಕು? ಮಾಡಾವ್ರು ಅವರು.”

ಇಮಾಮುದ್ದೀನ್ ರಾಯರ ಮುಖವನ್ನೇ ನೋಡುತ್ತ ಹೊರಗೆ ಹೋದ.

ಹನಿ. ಮತ್ತೊಂದು ಹನಿ. ರಾಯರು ಫ್ಲಾಸ್ಕನ್ನು ಅಲುಗಿಸಿದರು. ಅವರ ಪಾಲಿಗೆ ಅದು ಬರೀ ನೀರು. ಬಣ್ಣ ಆಗಲೇ ಬಂದುಹೋಯಿತೋ, ಇನ್ನೂ ಬರಬೇಕೋ? ಅಣವೀರಪ್ಪನವರ ಮುಖ ನೋಡಿ ತಿಳಿಯೋಣವೆಂದರೆ ಆ ಪುಣ್ಯಾತ್ಮ ಮೀಸೆ ತೀಡುತ್ತ ಕಲ್ಲಿನಂತೆ ಕೂತಿದ್ದರು. ಬೆವರು ಮೂಗಿನ ತುದಿಗೆ ಇಳಿಯಿತು. ದೇವರೇ, ಇವತ್ತೊಂದು ದಿನ ಮಾನ ಕಾಯಿ, ಎಂದುಕೊಂಡು ಇನ್ನೊಂದು ಹನಿ ಬಿಟ್ಟರು.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ರಾಯರ ಕೈ ತಾನಾಗಿಯೇ ತಿರುಪು ಮುಚ್ಚಿತು. ತಲೆ ಎತ್ತಿ ನೋಡಿದರೆ, ಮಹಾಗಾಂವದಿಂದ ಬರುವ ಲಲಿತಾ ಓಢಣಿಯನ್ನು ಬಾಯಿಗೆ ಒತ್ತಿಕೊಂಡು ಏನೋ ಬರೆಯುತ್ತಿದ್ದಳು. ಉಳಿದ ನಲವತ್ತು ಮಂದಿ ಏನೂ ಅರಿಯದವರಂತೆ ಕಿಟಕಿ, ಗೋಡೆ, ಗಡಿಯಾರ ನೋಡುತ್ತಿದ್ದರು.

“ಭಾಳ ಛಂದ ಬಂತ್ರಿ. ಬರೋಬ್ಬರಿ ತೆಳು ಗುಲಾಬಿ,” ಎಂದು ಅಣವೀರಪ್ಪ ಫ್ಲಾಸ್ಕನ್ನು ಬೆಳಕಿಗೆ ಹಿಡಿದರು.

ಅಷ್ಟರಲ್ಲಿ ಇಮಾಮುದ್ದೀನ್ ಚಹಾದ ಕೆಟಲಿ ಹಿಡಿದು ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಫ್ಲಾಸ್ಕಿನ ಬಣ್ಣ ಕಂಡದ್ದೇ ತಡ, ಜೋರಾಗಿ ಕೆಮ್ಮಿದ.

ವರದಿ ಬರೆಯಲು ಪೆನ್ನು ತೆಗೆದ ಅಣವೀರಪ್ಪ ಕೈ ತಡೆದರು. ಇಮಾಮುದ್ದೀನನನ್ನು ನೋಡಿದರು, ಹಿಂದಿನ ಸಾಲಿನತ್ತ ನೋಡಿದರು. “ಏನ್ರೀ ಪ್ರಹ್ಲಾದರಾವ್, ನಿಮ್ಮ ಕಾಲೇಜಿನ್ಯಾಗ ಎಲ್ಲಾರಿಗೂ ಕೆಮ್ಮ ಅದ ಏನು?”

ರಾಯರು ಹಿಂದಿನ ಸಾಲಿನತ್ತ ಒಮ್ಮೆ ಕಣ್ಣು ಹಾಯಿಸಿದರು.

“ಹೌದ್ರೀ ಸರ್,” ಎಂದರು. “ನನಗ ಇವತ್ತೇ ಗೊತ್ತಾತು.”